ಎಲೆಗೆ ತೂತು ಕೊರೆದು ಹಾಡುವ ಜೀರುಂಡೆ

"ನೀರು ಸಾಲದಿದ್ದರೆ ಟೊಮೆಟೊ ಗಿಡ ಅಳುತ್ತದಂತೆ, ಹೌದಾ ಸಾರ್?" ಕೋಲಾರದ ಕಡೆ ರೈತರ ಜೊತೆ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. ಶಬ್ದ ಬರುವುದಂತೂ ನಿಜ. ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದವರು ಅದನ್ನು ರೆಕಾರ್ಡ್ ಮಾಡಿ 2023ರಲ್ಲಿ ಪ್ರಕಟಿಸಿದರು. ಒಣಗುತ್ತಿರುವ ಗಿಡ ಗಂಟೆಗೆ 30ರಿಂದ 50 ಸಲ ಚಟ್ ಚಟ್ ಎನ್ನುತ್ತದೆ. ಚೆನ್ನಾಗಿ ನೀರು ಕುಡಿದ ಗಿಡ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಕಾಂಡದೊಳಗಿನ ನೀರಿನ ನಾಳಗಳಲ್ಲಿ ಗಾಳಿಗುಳ್ಳೆ ಒಡೆಯುವುದು ಇದಕ್ಕೆ ಕಾರಣವಿರಬಹುದು. ಶಬ್ದದ ಕಂಪನ 40ರಿಂದ 80 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 40ರಿಂದ 80 ಸಾವಿರ ಸಲ. ನಮ್ಮ ಕಿವಿ 20ಕ್ಕೇ ನಿಂತುಬಿಡುತ್ತದೆ.

ಆದರೆ ಅದನ್ನು ಅಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕೀಲು ಸವೆದ ಬಾಗಿಲೂ ಸದ್ದು ಮಾಡುತ್ತದೆ ಅಲ್ವಾ? ಒಂದು ಜೀವಿ ಸದ್ದು ಮಾಡಬೇಕು, ಇನ್ನೊಂದು ಅದನ್ನು ಕೇಳಿ ತನ್ನ ನಡೆ ಬದಲಿಸಬೇಕು, ಆಗಲೇ ಅದನ್ನು ಮಾತು ಅನ್ನಬಹುದು. ಜೀವಿಗಳ ಸದ್ದನ್ನು ಅಧ್ಯಯನ ಮಾಡುವ ನಮ್ಮ ಕೆಲಸದ ಮುಕ್ಕಾಲು ಪಾಲು ಈ ಎರಡನೆಯದನ್ನು ತೋರಿಸುವುದರಲ್ಲೇ ಕಳೆಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು ಗ್ರಾಮದ ಸುತ್ತಲಿನ ಬಯಲಲ್ಲಿ ತುಳಸಿಯಂತೆ ಘಮ್ಮೆನ್ನುವ ಹಿಪ್ಟಿಸ್ ಪೊದೆಗಳಿವೆ. ಕತ್ತಲಾಗುತ್ತಲೇ ಅಲ್ಲಿ ಮರಜೀರುಂಡೆಗಳು ಶುರು ಮಾಡುತ್ತವೆ. ಹಾಡುವುದು ಗಂಡು ಮಾತ್ರ, ಅದೂ ಬಾಯಲ್ಲಲ್ಲ. ಮುಂದಿನ ಎರಡು ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಸ್ವರ ಎಬ್ಬಿಸುತ್ತದೆ.

ಕಷ್ಟ ಇರುವುದು ರೆಕ್ಕೆಯ ಗಾತ್ರದಲ್ಲಿ. ಸ್ವರ ಸುಮಾರು 3 ಕಿಲೋಹರ್ಟ್ಜ್, ಅಂದರೆ ಅಲೆಯ ಉದ್ದ 11 ಸೆಂಟಿಮೀಟರಿನಷ್ಟು. ರೆಕ್ಕೆ ಅದರ ಮುಂದೆ ತೀರಾ ಚಿಕ್ಕದು. ಹಾಗಾಗಿ ರೆಕ್ಕೆಯ ಮುಂದೆ ಹುಟ್ಟಿದ ಅಲೆಯೂ ಹಿಂದೆ ಹುಟ್ಟಿದ ಅಲೆಯೂ ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಇದಕ್ಕೆ ಕೆಲವು ಗಂಡುಗಳು ಉಪಾಯ ಕಂಡುಕೊಂಡಿವೆ. ಅಗಲವಾದ ಎಲೆಯೊಂದನ್ನು ಆರಿಸಿ, ನಡುವೆ ತೂತು ಕಡಿದು, ಅದರಲ್ಲಿ ತಲೆ ತೂರಿಸಿ, ರೆಕ್ಕೆಗಳನ್ನು ಎಲೆಗೆ ಅಂಟಿಸಿದಂತೆ ಹರಡಿ ಹಾಡುತ್ತವೆ. ಈಗ ಎಲೆ ಅಡ್ಡ ಇರುವುದರಿಂದ ಮುಂದಿನ ಅಲೆ, ಹಿಂದಿನ ಅಲೆ ಸೇರುವುದಿಲ್ಲ. ಸದ್ದು ಎರಡು ಮೂರು ಪಟ್ಟು ಜೋರಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಉಪಾಯ ಮಾಡುವುದು ಹೆಚ್ಚಾಗಿ ಚಿಕ್ಕ ಗಂಡುಗಳು, ದನಿ ಕಮ್ಮಿ ಇರುವ ಗಂಡುಗಳು. ಅವರು ಸ್ಪೀಕರಿನಲ್ಲಿ ಹಾಡು ಕೇಳಿಸಿಯೂ ನೋಡಿದರು. ಹೆಣ್ಣು ಜೋರು ಹಾಡಿನ ಕಡೆಗೇ ಹೋಯಿತು. ಕೇಳುಗ ಸಿಕ್ಕಿದ್ದು ಇಲ್ಲಿ. ಚಿಕ್ಕದೊಂದು ಹುಳ ಎಲೆ ಕಡಿದು ತನ್ನ ಪಾಲಿನ ಅವಕಾಶ ಹೆಚ್ಚಿಸಿಕೊಳ್ಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ನೀವೂ ಕೇಳಬಹುದು. ಟೊಮೆಟೊಗೆ ವಿಶೇಷ ಮೈಕ್ ಬೇಕು, ಜೀರುಂಡೆಗೆ ಫೋನ್ ಸಾಕು. ಗಾಳಿ ಕಮ್ಮಿ ಇರುವ ಸಂಜೆ ಹೋಗಿ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ, ಬರೀ ಬೆಳಕು ಬಿದ್ದರೆ ಹಾಡು ನಿಂತೀತು. ಅವತ್ತಿನ ಉಷ್ಣಾಂಶವನ್ನು ಮರೆಯದೆ ಬರೆದಿಡಿ. ಚಳಿ ಜಾಸ್ತಿಯಾದಂತೆ ಇವುಗಳ ಸ್ವರ ಇಳಿಯುತ್ತದೆ. ಅದು ಗೊತ್ತಿಲ್ಲದಿದ್ದರೆ ಎರಡು ರಾತ್ರಿಗಳ ರೆಕಾರ್ಡಿಂಗ್ ಹೋಲಿಸಿ ನೋಡುವುದು ಆಗದ ಮಾತು.