ಆಟವೂ ಹೌದು, ಕೂಟವೂ ಹೌದು

ನಮ್ಮ ಕಾಸರಗೋಡಿನ ಕಡೆ ಆಟ ಎಂದರೆ ಯಕ್ಷಗಾನ, ಕೂಟ ಎಂದರೆ ತಾಳಮದ್ದಳೆ. ಆಟಕ್ಕೆ ವೇಷ ಬೇಕು, ಬಣ್ಣ ಬೇಕು, ಕುಣಿತ ಬೇಕು. ಕೂಟಕ್ಕೆ ಅದ್ಯಾವುದೂ ಬೇಡ. ಭಾಗವತರು ಪದ ಹೇಳುತ್ತಾರೆ, ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿಗಳು ಮಾತಾಡುತ್ತಾರೆ. ಪದ್ಯ ಮೊದಲೇ ಬರೆದಿಟ್ಟದ್ದು. ಮಾತು ಮಾತ್ರ ಆ ಕ್ಷಣದ್ದು. ವಾಲಿ ವಧೆಯ ಕೂಟದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ವಾಲಿ ಸಾಯುತ್ತಾನೆ ಎಂದು ಸಭೆಯಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಹಿರಿಯರು ಇವತ್ತಿಗೂ ಅವರ ವಾಲಿಯನ್ನು ನೆನೆಯುತ್ತಾರೆ. ಈ ವಾಲಿ ಯಾವ ಮಾತು ತೆಗೆಯುತ್ತಾನೆ, ಅದಕ್ಕೆ ಈ ರಾಮ ಏನು ಹೇಳುತ್ತಾನೆ ಅನ್ನುವುದೇ ಅಲ್ಲಿನ ಕುತೂಹಲ.

ಕಂಪ್ಯೂಟರ್ ಗೇಮಿನ ಬಗ್ಗೆ ಬರೆಯಲು ಕೂತು ಕೂಟದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ.

ಕಳೆದ ಆಟಿ ತಿಂಗಳಲ್ಲಿ ಬದಿಯಡ್ಕದ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಮಳೆ. ಮಂಗಳೂರಿನಲ್ಲಿ ಓದುವ ಅಳಿಯ ರಜೆಗೆ ಬಂದಿದ್ದ, ಲ್ಯಾಪ್‌ಟಾಪ್ ಎದುರು ಕೂತಿದ್ದ. ಪರದೆಯಲ್ಲಿ ಒಂದು ಹಳೆಯ ಮನೆ, ನಾಲ್ಕು ಜನ ಈ ಕಡೆ, ಏಳೆಂಟು ಜನ ಆ ಕಡೆ. ಯಾರೂ ಅಲ್ಲಾಡುತ್ತಿಲ್ಲ. ನಾನು ಕಾಫಿ ಕುಡಿದು ಬಂದರೂ ಹಾಗೇ ಇತ್ತು.

"ಹ್ಯಾಂಗ್ ಆಯ್ತಾ?" ಎಂದು ಕೇಳಿದೆ.

"ಇಲ್ಲ ಮಾವ, ನನ್ನ ಸರದಿ. ಯೋಚನೆ ಮಾಡ್ತಾ ಇದ್ದೇನೆ."

ಅವನು ಆಡುತ್ತಿದ್ದದ್ದು ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂ ದೇಶದ ಲೇರಿಯನ್ ಸ್ಟುಡಿಯೋಸ್ ಅದನ್ನು 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿತು. ಸ್ಟೀಮ್ ಎಂಬ ಒಂದೇ ಅಂಗಡಿಯ ಮೂಲಕ ಒಂದೇ ಹೊತ್ತಿಗೆ 8.75 ಲಕ್ಷ ಜನ ಅದನ್ನು ಆಡಿದ ದಿನ ಇತ್ತು. ಆ ವರ್ಷದ ಅತ್ಯುತ್ತಮ ಗೇಮ್ ಎಂಬ ದೊಡ್ಡ ಪ್ರಶಸ್ತಿಗಳೆಲ್ಲ ಅದಕ್ಕೇ ಬಂದವು. ಓಡುವ ಹೊಡೆಯುವ ಗೇಮಿಗೆ ಇಷ್ಟು ಜನ ಸೇರಿದರೆ ಆಶ್ಚರ್ಯ ಇಲ್ಲ. ಆದರೆ ಇದು ಸರದಿಯ ಆಟ. ಒಬ್ಬ ನಡೆದ ಮೇಲೆ ಇನ್ನೊಬ್ಬ. ನೀವು ಹತ್ತು ನಿಮಿಷ ಯೋಚಿಸಿದರೂ ಎದುರಾಳಿ ಕಾಯುತ್ತಾನೆ. ಇಂಥ ಆಟ ಎಲ್ಲೋ ಕೆಲವರಿಗೆ ಮಾತ್ರ ಅಂತ ಗೇಮ್ ಉದ್ಯಮ ತುಂಬಾ ವರ್ಷ ನಂಬಿಕೊಂಡಿತ್ತು.

ಈ ಆಟದ ಬೇರು ಸೇನೆಯಲ್ಲಿದೆ. 1824ರಲ್ಲಿ ಪ್ರಷ್ಯಾದ ಸೇನೆ ತನ್ನ ಅಧಿಕಾರಿಗಳಿಗೆ ನಕ್ಷೆಯ ಮೇಲೆ ಯುದ್ಧ ಕಲಿಸಲು ಒಂದು ಆಟ ಬಳಸತೊಡಗಿತು. ಎಷ್ಟು ಸೈನಿಕರು ಬಿದ್ದರು ಎಂದು ದಾಳ ಹೇಳುತ್ತಿತ್ತು, ನಡುವೆ ಒಬ್ಬ ತೀರ್ಪುಗಾರ ಇರುತ್ತಿದ್ದ. 150 ವರ್ಷ ಕಳೆದು, 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ತಂದರು. ಅವರು ಮಾಡಿದ ಬದಲಾವಣೆ ಕೇಳಲು ಸಣ್ಣದು. ಆಡುವವನ ಕೈಗೆ ಸೈನ್ಯ ಕೊಡಲಿಲ್ಲ, ಒಬ್ಬನೇ ಒಬ್ಬ ಮನುಷ್ಯನನ್ನು ಕೊಟ್ಟರು. ಆ ಮನುಷ್ಯನಿಗೆ ಹೆಸರು ಇದೆ, ಶಕ್ತಿ ಇದೆ, ದೌರ್ಬಲ್ಯ ಇದೆ. ಅವನಾಗಿ ನೀವು ಮಾತಾಡಬೇಕು. ಸೇನಾಪತಿಯ ಆಟ ಅಲ್ಲಿ ಅರ್ಥಧಾರಿಯ ಆಟವಾಯಿತು.

ತೀರ್ಪುಗಾರನ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಲು ಜಾಸ್ತಿ ಕಾಲ ಬೇಕಾಗಲಿಲ್ಲ. 1975ರಲ್ಲೇ ಇಲಿನಾಯ್ಸ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ಜಾಲದಲ್ಲಿ ಇಂಥ ಗೇಮ್‌ಗಳು ಓಡುತ್ತಿದ್ದವು. 1981ರಲ್ಲಿ ಅಲ್ಟಿಮಾ, ವಿಝರ್ಡ್ರಿ. 1986ರಲ್ಲಿ ಜಪಾನಿನ ಡ್ರ್ಯಾಗನ್ ಕ್ವೆಸ್ಟ್. 1996ರಲ್ಲಿ ಪೋಕೆಮಾನ್. ಹೌದು, ಪೋಕೆಮಾನ್ ಕೂಡ ಇದೇ ಜಾತಿಯದ್ದು. ನಿಮ್ಮ ಸರದಿ, ಎದುರಾಳಿಯ ಸರದಿ, ಯಾವ ಗುಣಕ್ಕೆ ಯಾವ ಗುಣ ಮೇಲು ಎಂಬ ಲೆಕ್ಕ. ಪುಟ್ಟ ಮಕ್ಕಳು ಆ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡರು. ನಿಧಾನದ ಆಟ ಜನಕ್ಕೆ ಹಿಡಿಸುವುದಿಲ್ಲ ಎಂಬ ಮಾತು ಅಲ್ಲೇ ಸುಳ್ಳಾಗಿತ್ತು, ಗಮನಿಸಿದವರು ಕಡಿಮೆ.

ಮೊದಲ ಬಾಲ್ಡರ್ಸ್ ಗೇಟ್ ಬಂದದ್ದು 1998ರಲ್ಲಿ. 2000 ದಾಟಿದ ಮೇಲೆ ಮಾರುಕಟ್ಟೆ ಬೇರೆ ಕಡೆ ತಿರುಗಿತು. ಇಂಥ ಗೇಮ್‌ಗಳಿಗೆ ಹೆಸರಾಗಿದ್ದ ಬ್ಲ್ಯಾಕ್ ಐಲ್ ಸ್ಟುಡಿಯೋ 2003ರಲ್ಲಿ ಮುಚ್ಚಿಹೋಯಿತು. 2012ರಲ್ಲಿ ಗಾಳಿ ಮತ್ತೆ ತಿರುಗಿತು. ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದ ಮೂಲಕ ಆಡುವವರೇ ಮುಂಗಡ ಹಣ ಹಾಕಿ ಹಳೆಯ ಮಾದರಿಯ ಗೇಮ್ ಮಾಡಿಸಿಕೊಂಡರು. ಅದೇ ವರ್ಷ ಎಕ್ಸ್‌ಕಾಮ್ ಎಂಬ ಹಳೆಯ ಸರದಿಯ ಗೇಮ್ ಹೊಸ ರೂಪದಲ್ಲಿ ಬಂತು. ಜಪಾನಿನಲ್ಲಿ, ಎರಡೂವರೆ ಲಕ್ಷ ಪ್ರತಿ ಹೋಗದಿದ್ದರೆ ಸರಣಿಯನ್ನೇ ನಿಲ್ಲಿಸುವುದು ಎಂಬ ಸ್ಥಿತಿಯಲ್ಲಿ ಹೊರಬಂದ ಫೈರ್ ಎಂಬ್ಲೆಮ್ ಅದರ ಹಲವು ಪಟ್ಟು ಮಾರಾಟವಾಯಿತು.

ಇತಿಹಾಸ ಇಷ್ಟು ಸಾಕು. ನನಗೆ ಹೆಚ್ಚು ಇಷ್ಟವಾದದ್ದು ಅಳಿಯನ ಪರದೆಯ ಮೇಲಿನ ಒಂದು ಸಂಖ್ಯೆ.

ಅವನ ಬಿಲ್ಲುಗಾರ್ತಿ ಎತ್ತರದಲ್ಲಿ ನಿಂತಿದ್ದಳು. ಎದುರಾಳಿಯ ಮೇಲೆ ಮೌಸ್ ಇಟ್ಟರೆ 90% ಎಂದು ತೋರಿಸಿತು. ಒತ್ತಿದ. ಬಾಣ ಗೋಡೆಗೆ ಹೋಗಿ ಬಡಿಯಿತು.

"ತೊಂಬತ್ತು ಇತ್ತಲ್ಲ ಮಾವ! ಇದು ಮೋಸ ಅಲ್ವಾ?"

ಮೋಸ ಅಲ್ಲ. ತೊಂಬತ್ತು ಎಂದರೆ ನಮ್ಮ ಮನಸ್ಸು "ತಾಗಿಯೇ ತಾಗುತ್ತದೆ" ಎಂದು ಓದಿಕೊಳ್ಳುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. 90% ಇರುವ ಹತ್ತು ಬಾಣ ಬಿಡಿ. ಹತ್ತೂ ತಾಗುವ ಸಾಧ್ಯತೆ ಎಷ್ಟು? 0.9ನ್ನು ಹತ್ತು ಸಲ ಗುಣಿಸಿ ನೋಡಿ. ಸುಮಾರು 35% ಮಾತ್ರ. ಅಂದರೆ ಇಂಥ ನೂರು ಯುದ್ಧ ಆಡಿದರೆ ಸುಮಾರು 65ರಲ್ಲಿ ಒಂದು ಬಾಣವಾದರೂ ತಪ್ಪುತ್ತದೆ. ತಪ್ಪಿದ್ದೊಂದೇ ನೆನಪಲ್ಲಿ ಉಳಿಯುತ್ತದೆ, ತಾಗಿದ ಒಂಬತ್ತು ಮರೆತುಹೋಗುತ್ತದೆ. ಪಡೆದದ್ದಕ್ಕಿಂತ ಕಳೆದುಕೊಂಡದ್ದು ಮನುಷ್ಯನಿಗೆ ಹೆಚ್ಚು ತೂಕವಾಗಿ ಕಾಣುತ್ತದೆ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದರು.

ಗೇಮ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಫೈರ್ ಎಂಬ್ಲೆಮ್ ಸರಣಿಯಲ್ಲಿ 2002ರ ಗೇಮಿನಿಂದ ಒಂದು ಉಪಾಯ ಬಂತು. ಒಂದು ಸಂಖ್ಯೆಯ ಬದಲು ಗೇಮ್ ಒಳಗೊಳಗೇ ಎರಡು ಸಂಖ್ಯೆ ತೆಗೆದು ಸರಾಸರಿ ಮಾಡುತ್ತದೆ. ಎರಡು ದಾಳ ಹಾಕಿದರೆ ನಡುವಿನ ಮೊತ್ತಗಳೇ ಜಾಸ್ತಿ ಬೀಳುತ್ತವಲ್ಲ, ಹಾಗೆ. ಇದರಿಂದ ಪರದೆಯಲ್ಲಿ 75% ಎಂದು ತೋರಿಸುವ ಏಟು ನಿಜದಲ್ಲಿ ಸುಮಾರು 88% ಆಗುತ್ತದೆ. 90% ಎಂದು ತೋರಿಸುವುದು 98% ಆಗುತ್ತದೆ. ಎದುರಾಳಿಯ 25% ಏಟು ಸುಮಾರು 13ಕ್ಕೆ ಇಳಿಯುತ್ತದೆ. ಮನಸ್ಸು 75ನ್ನು ಓದುವ ರೀತಿಗೆ ಸರಿಯಾಗಿ ಲೆಕ್ಕವನ್ನೇ ಬಗ್ಗಿಸಿದರು. ಆಡುವವರಿಗೆ ಇದು ನ್ಯಾಯ ಅನಿಸಿತು. ನನಗೆ ಈ ವಿಷಯ ಮೊದಲು ತಿಳಿದಾಗ ಆದ ಸಂತೋಷ ಇನ್ನೂ ಹೋಗಿಲ್ಲ. ಗಣಿತ ಮತ್ತು ಮನಸ್ಸು ಎಷ್ಟು ದೂರ ಇವೆ ಎಂದು ಯಾರೋ ಅಳೆದು, ಆ ದೂರದಷ್ಟೇ ಸೇತುವೆ ಕಟ್ಟಿದ್ದಾರೆ.

ಬಾಲ್ಡರ್ಸ್ ಗೇಟ್ 3ರಲ್ಲಿ ಮಾತಿಗೂ ದಾಳ ಇದೆ. ಯಾರನ್ನಾದರೂ ಒಪ್ಪಿಸಬೇಕಾದಾಗ ಇಪ್ಪತ್ತು ಮುಖದ ದಾಳ ಪರದೆಯ ನಡುವೆ ಉರುಳುತ್ತದೆ. 15 ಬೇಕು, ನಿಮ್ಮ ಪಾತ್ರದ ಮಾತಿನ ಬಲ 3 ಎಂದಿಟ್ಟುಕೊಳ್ಳಿ. ಆಗ ದಾಳದಲ್ಲಿ 12 ಅಥವಾ ಮೇಲೆ ಬಿದ್ದರೆ ಗೆದ್ದಿರಿ. ಇಪ್ಪತ್ತರಲ್ಲಿ ಒಂಬತ್ತು ಮುಖ, ಅಂದರೆ 45%. ಅನುಕೂಲದ ಸ್ಥಿತಿ ಇದ್ದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಆಗ ಅದೇ 45% ಏರಿ ಸುಮಾರು 70% ಆಗುತ್ತದೆ. ಆ ಅನುಕೂಲವನ್ನು ಹುಡುಕುವುದೇ ಆಟ. ದಾಳ ಕೈಯಲ್ಲಿಲ್ಲ, ದಾಳ ಬೀಳುವ ಮೊದಲಿನದ್ದೆಲ್ಲ ಕೈಯಲ್ಲಿದೆ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಅಕ್ಕನ ಮನೆಯ ಅಟ್ಟದಲ್ಲಿ ಒಂದು ಚೆನ್ನೆಮಣೆ ಇದೆ. ಆಟಿಯ ಮಳೆಗೆ ಕೆಳಗಿಳಿಯುತ್ತದೆ. ಎರಡು ಸಾಲು, ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕರಂತೆ 56 ಕಾಯಿ. ಹೊಸಬರು ಬೆರಳಿಟ್ಟು ಎಣಿಸುತ್ತಾರೆ. ಅಕ್ಕ ಎಣಿಸುವುದಿಲ್ಲ. ಒಮ್ಮೆ ನೋಡುತ್ತಾಳೆ, ಕೈ ನೇರ ಸರಿಯಾದ ಗುಳಿಗೇ ಹೋಗುತ್ತದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಿಗೆ ಐದು ಸೆಕೆಂಡ್ ಮಾತ್ರ ಮಣೆ ತೋರಿಸಿ, ಕಾಯಿಗಳನ್ನು ಮತ್ತೆ ಜೋಡಿಸಲು ಹೇಳಿದರು. ನಿಜವಾದ ಪಂದ್ಯದ ಮಣೆಯಾದರೆ ನುರಿತವರು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಜೋಡಿಸಿದರು. ಕಾಯಿಗಳನ್ನು ಸುಮ್ನೆ ಹೇಗೆ ಹೇಗೋ ಇಟ್ಟಾಗ ಆ ಹೆಚ್ಚುಗಾರಿಕೆ ಉಳಿಯಲಿಲ್ಲ. ಅವರ ನೆನಪಿನ ಶಕ್ತಿ ದೊಡ್ಡದಲ್ಲ. ಬಿಡಿ ಕಾಯಿಗಳನ್ನು ಗೊಂಚಲಾಗಿ ನೋಡಲು ಅವರು ಕಲಿತಿದ್ದರು.

ಅಳಿಯ ಮೊದಲ ದಿನ ಬಾಗಿಲು, ಬಿಲ್ಲುಗಾರ, ಎಣ್ಣೆಯ ಪೀಪಾಯಿ, ಮೆಟ್ಟಿಲು ಎಂದು ಬೇರೆ ಬೇರೆ ನೋಡಿದ್ದಂತೆ. ಈಗ ಅವನಿಗೆ ಅದೆಲ್ಲ ಒಂದೇ ಚಿತ್ರ: "ಇವರನ್ನು ಬಾಗಿಲಿಗೆ ಎಳೆದು, ಎಣ್ಣೆಗೆ ಬೆಂಕಿ ಕೊಡುವ ಜಾಗ". ಸರದಿಯ ಆಟ ಇದಕ್ಕೆ ಸಮಯ ಕೊಡುತ್ತದೆ. ಬೆರಳಿನ ವೇಗ ಕೇಳುವುದಿಲ್ಲ. ಐವತ್ತು ದಾಟಿದವರೂ ಕೂತು ಆಡಬಹುದು. ಬೆರಳು ಚುರುಕಿಲ್ಲದವರಿಗೂ ಜಾಗ ಇದೆ. ಜನ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ರಿಚರ್ಡ್ ರಯಾನ್ ಮತ್ತು ಜೊತೆಯವರು 2006ರಲ್ಲಿ, ಜನ ಗೇಮ್‌ಗೆ ಯಾಕೆ ಅಂಟಿಕೊಳ್ಳುತ್ತಾರೆ ಎಂದು ಪರೀಕ್ಷಿಸಿದರು. ತಾನೇ ಆರಿಸಿದೆ ಎಂಬ ಭಾವನೆ, ನನ್ನಿಂದ ಆಗುತ್ತದೆ ಎಂಬ ಭಾವನೆ, ಇವೆರಡು ಸಿಕ್ಕಿದಷ್ಟೂ ಆಟ ಖುಷಿ ಕೊಡುತ್ತದೆ, ಮತ್ತೆ ಆಡಬೇಕು ಅನಿಸುತ್ತದೆ ಎಂದು ಕಂಡಿತು.

ಆದರೆ ಈ ಗುಣಗಳಲ್ಲಿ ಹೆಚ್ಚಿನವು 1998ರ ಗೇಮ್‌ಗಳಲ್ಲೂ ಇದ್ದವು. ಆಗ ಬಾರದ ಜನ ಈಗ ಯಾಕೆ ಬಂದರು? ನನಗೆ ಉತ್ತರ ಸಿಕ್ಕಿದ್ದು ನಮ್ಮೂರಿನ ಆ ಎರಡು ಶಬ್ದಗಳಲ್ಲೇ. ಹೀಗೆ ಒಂದು ಪಾತ್ರವಾಗಿ ಆಡುವ ಹಳೆಯ ರೋಲ್ ಪ್ಲೇಯಿಂಗ್ ಗೇಮ್‌ಗಳು ಕೂಟದಂತೆ ಇದ್ದವು. ಪುಟ್ಟ ಬೊಂಬೆಗಳು, ಪುಟಗಟ್ಟಲೆ ಅಕ್ಷರ. ಕೂತು ಓದುವ ತಾಳ್ಮೆ ಇದ್ದವನಿಗೆ ಮಾತ್ರ ರುಚಿ. ಬಾಲ್ಡರ್ಸ್ ಗೇಟ್ 3 ಆ ಕೂಟಕ್ಕೆ ಆಟದ ವೇಷ ಕಟ್ಟಿತು. ಪ್ರತಿ ಪಾತ್ರಕ್ಕೂ ನಟರ ಧ್ವನಿ, ಮುಖದಲ್ಲಿ ಭಾವ, ಕೈಯಲ್ಲಿ ಅಭಿನಯ. ದಾಳ ಕಣ್ಣೆದುರೇ ಉರುಳುತ್ತದೆ. ಒಳಗಿನ ಲೆಕ್ಕವನ್ನು ತೆಳು ಮಾಡಲಿಲ್ಲ, ಕಾಣುವಂತೆ ಮಾಡಿದರು. ಇನ್ನೊಂದು ಮಾತು ಹೇಳಲೇಬೇಕು: ಮೊದಲೆರಡು ಬಾಲ್ಡರ್ಸ್ ಗೇಟ್‌ಗಳಲ್ಲಿ ಯುದ್ಧ ನಿಲ್ಲದೆ ಓಡುತ್ತಿತ್ತು, ಬೇಕಾದರೆ ತಡೆದು ನಿಲ್ಲಿಸಬೇಕಿತ್ತು. ಮೂರನೆಯದು ಪೂರ್ತಿ ಸರದಿಗೆ ಬಂತು. ನಿಧಾನವಾದ ಮೇಲೆಯೇ ಜನ ಜಾಸ್ತಿಯಾದರು.

ಬರೀ ಕೂಟವಾಗಿಯೇ ಗೆದ್ದದ್ದೂ ಇದೆ. 2019ರ ಡಿಸ್ಕೋ ಎಲಿಸಿಯಂ. ಮಾಮೂಲಿ ಯುದ್ಧವೇ ಇಲ್ಲದ ಗೇಮ್ ಅದು. ನಾಯಕ ಒಬ್ಬ ಪತ್ತೇದಾರ. ಅವನ 24 ಗುಣಗಳು ತಲೆಯೊಳಗೆ ಬೇರೆ ಬೇರೆ ದನಿಯಾಗಿ ವಾದ ಮಾಡುತ್ತವೆ. ದಾಳ ಸೋತರೂ ಕತೆ ನಿಲ್ಲುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ. ಅದರಲ್ಲಿ ಸುಮಾರು ಹತ್ತು ಲಕ್ಷ ಪದಗಳಿವೆ. ಅದರಲ್ಲಿ ಒಂದೂ ಕನ್ನಡದ್ದಲ್ಲ ಎಂಬುದು ನನಗೆ ನಿಜವಾದ ನೋವು. ಬಾಲ್ಡರ್ಸ್ ಗೇಟ್ 3ಕ್ಕೂ ಕನ್ನಡ ಇಲ್ಲ. ಮಾತಿನಿಂದ ಗೆಲ್ಲುವ ಕಲೆಯನ್ನು ಇಷ್ಟು ಬೆಳೆಸಿದ ನಾಡಿನ ಮಕ್ಕಳು ಆ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿ, ಒಳಗೇ ಅನುವಾದ ಮಾಡಿಕೊಂಡು ಆಡಬೇಕು.

ಅಳಿಯ ಆ ಸಂಜೆ ಗಟ್ಟಿಯಾಗಿಯೇ ಅನುವಾದ ಮಾಡಿದ. ಯಾಕೆಂದರೆ ಭಾವ ಬಂದು ಅವನ ಹಿಂದೆ ನಿಂತಿದ್ದರು. ಭಾವ ಅಡಿಕೆ ತೋಟ ನೋಡಿಕೊಂಡು, ಊರಿನ ಕೂಟಗಳಲ್ಲಿ ಹವ್ಯಾಸಕ್ಕೆ ಅರ್ಥ ಹೇಳುವವರು. ಪರದೆಯಲ್ಲಿ ಒಂದು ಕಾಡಿನ ಗುಂಪಿನ ಯಜಮಾನಿ, ವಿಗ್ರಹ ಕದ್ದ ಸಣ್ಣ ಹುಡುಗಿಯೊಬ್ಬಳ ಎದುರು ಹಾವನ್ನು ಬಿಟ್ಟು ನಿಂತಿದ್ದಳು.

"ಮಗು ಕದ್ದದ್ದು ಯಾಕೆ?" ಭಾವ ಕೇಳಿದರು.

"ಇವರೆಲ್ಲ ಸೇರಿ ಒಂದು ಪೂಜೆ ಮಾಡ್ತಾ ಇದ್ದಾರೆ ಅಪ್ಪ. ಪೂಜೆ ಮುಗಿದರೆ ಕಾಡು ಮುಚ್ಚಿಬಿಡುತ್ತದೆ. ಆಶ್ರಯಕ್ಕೆ ಬಂದವರೆಲ್ಲ ಹೊರಗೆ. ಹುಡುಗಿ ಅವರ ಕಡೆಯವಳು. ಪೂಜೆ ನಿಲ್ಲಲಿ ಅಂತ ಕದ್ದಳು."

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅವಳನ್ನು ಕೇಳು. ಆಶ್ರಯ ಕೇಳಿ ಬಂದವರನ್ನು ಹೊರಗೆ ಹಾಕಿದ ಮೇಲೆ, ವಿಗ್ರಹ ಉಳಿದರೂ ಅದರೊಳಗೆ ದೇವರು ಉಳಿಯುತ್ತಾನಾ ಅಂತ."

"ಅದು ಇಲ್ಲಿ ಇಲ್ಲ ಅಪ್ಪ. ಬರೆದಿಟ್ಟ ಸಾಲುಗಳಲ್ಲೇ ಒಂದನ್ನು ಆರಿಸಬೇಕು."

"ಇಷ್ಟೇನಾ?"

ಆ ಮಾತಿಗೆ ಹತ್ತಿರದ ಸಾಲನ್ನು ಅಳಿಯ ಒತ್ತಿದ. ದಾಳ ಉರುಳಿತು, 17 ಬಿತ್ತು. ಹಾವು ಹಿಂದೆ ಸರಿಯಿತು, ಹುಡುಗಿ ಓಡಿಹೋದಳು. ಅಳಿಯ ಮುಂದೆ ಹೋಗಲು ನೋಡಿದ. ಭಾವ ಅವನ ಹೆಗಲ ಮೇಲೆ ಕೈ ಇಟ್ಟರು.

"ನಿಲ್ಲು ಮಗ," ಎಂದು ಕುರ್ಚಿ ಎಳೆದುಕೊಂಡರು. "ಆ ಯಜಮಾನಿ ಅದಕ್ಕೆ ಏನು ಹೇಳುತ್ತಾಳೆ, ಕೇಳುವ."