ಪದ ಪರಿಚಯ: ಸಹೃದಯ

ಕಾದಂಬರಿ ಬರೆಯುವ ನಾನು ಆಗೀಗ ವಿಮರ್ಶೆಯನ್ನೂ ಬರೆಯುತ್ತೇನೆ. ಅದು ತಿಳಿದವರು ತಮ್ಮ ಹೊಸ ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸುತ್ತಾರೆ. ಜೊತೆಗೊಂದು ಪತ್ರ: ‘ಸಹೃದಯರಾದ ತಾವು ಈ ಕೃತಿಯ ಬಗ್ಗೆ ನಾಲ್ಕು ಮಾತು ಬರೆದು ಪ್ರೋತ್ಸಾಹಿಸಬೇಕು.’ ಇಲ್ಲಿ ಸಹೃದಯ ಎಂದರೆ ಒಳ್ಳೆಯ ಮನಸ್ಸಿನವನು, ಮುಖ ಮುರಿಯುವಂತೆ ಬರೆಯದವನು. ತಪ್ಪಿ ಬರೆದರೆ ‘ಅವರಿಗೆ ಸಹೃದಯತೆಯೇ ಇಲ್ಲ’ ಎಂಬ ಮಾತು ತಿರುಗಿ ಬರುತ್ತದೆ. ಆಹ್ವಾನ ಪತ್ರಿಕೆಗಳಲ್ಲಂತೂ ಸಭೆಗೆ ಬಂದು ಕುಳಿತವರೆಲ್ಲ ಸಹೃದಯರೇ. ಕೆಲವರು ಅದಕ್ಕೊಂದು ಇಕಾರ ಸೇರಿಸಿ ‘ಸಹೃದಯಿ’ ಎಂದೂ ಬರೆಯುತ್ತಾರೆ. ‘ಸಹೃದಯ’ದಲ್ಲೇ ಹೃದಯ ಉಳ್ಳವನು ಎಂಬ ಅರ್ಥವಿರುವಾಗ ಆ ಇಕಾರಕ್ಕೆ ಕೆಲಸವಿಲ್ಲ.

ಈ ಸೌಮ್ಯವಾದ ಅರ್ಥ ಪೂರಾ ತಪ್ಪು ಎನ್ನಲಾರೆ. ಅಥರ್ವವೇದದ ಮೂರನೆಯ ಕಾಂಡದ ಒಂದು ಸೂಕ್ತ ‘ಸಹೃದಯಂ ಸಾಂಮನಸ್ಯಮ್’ ಎಂದೇ ಆರಂಭವಾಗುತ್ತದೆ. ಒಂದೇ ಮನೆಯವರು ದ್ವೇಷವಿಲ್ಲದೆ ಒಮ್ಮನಸ್ಸಿನಿಂದ ಬಾಳಲಿ ಎಂಬ ಹಾರೈಕೆ ಅದು. ಆದರೆ ಪುಸ್ತಕ, ಓದು, ವಿಮರ್ಶೆಗಳ ಮಾತು ಬಂದಾಗ ನಾವು ಬಳಸುವ ಸಹೃದಯ ಆ ಮನೆಯಿಂದ ಬಂದದ್ದಲ್ಲ, ಕಾವ್ಯದ ಮರ್ಮವನ್ನು ಚರ್ಚಿಸಿದ ಕಾಶ್ಮೀರದ ಆಲಂಕಾರಿಕರಿಂದ ಬಂದದ್ದು. ಒಂಬತ್ತನೆಯ ಶತಮಾನದಲ್ಲಿ, ಇತ್ತ ರಾಷ್ಟ್ರಕೂಟರ ಆಸ್ಥಾನದಲ್ಲಿ ಕವಿರಾಜಮಾರ್ಗ ರೂಪುಗೊಂಡ ಕಾಲದ ಆಸುಪಾಸಿನಲ್ಲೇ, ಅತ್ತ ಆನಂದವರ್ಧನ ಧ್ವನಿಯ ಬಗ್ಗೆ, ಅಂದರೆ ಮಾತು ನೇರವಾಗಿ ಹೇಳದೆ ಸೂಚಿಸುವ ಅರ್ಥದ ಬಗ್ಗೆ, ‘ಧ್ವನ್ಯಾಲೋಕ’ ಬರೆದ. ಕಾವ್ಯದ ಧ್ವನಿ ಇರುವುದು ನಿಜವೇ ಎಂದು ಕೇಳಿದವರಿಗೆ ಅವನು ತೋರಿಸಿದ ಸಾಕ್ಷಿ ಸಹೃದಯರ ಅನುಭವವನ್ನು. ಒಂದು ನೂರು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಆ ಗ್ರಂಥಕ್ಕೆ ‘ಲೋಚನ’ ಎಂಬ ವ್ಯಾಖ್ಯಾನ ಬರೆದ ಅಭಿನವಗುಪ್ತ, ಹಾಗಾದರೆ ಸಹೃದಯ ಯಾರು ಎಂಬುದನ್ನು ಬಿಡಿಸಿ ಹೇಳಿದ. ಕಾವ್ಯವನ್ನು ಓದಿ ಓದಿ ಪಳಗಿದ್ದರಿಂದ ಯಾರ ಮನಸ್ಸೆಂಬ ಕನ್ನಡಿ ತಿಳಿಯಾಗಿ, ವರ್ಣಿತವಾದದ್ದರಲ್ಲಿ ತನ್ಮಯವಾಗುವ ಯೋಗ್ಯತೆ ಪಡೆದಿದೆಯೋ ಅಂಥವರು ಸಹೃದಯರು.

ಈ ಮಾತಿನಲ್ಲಿ ಕರುಣೆಯ ಸೊಲ್ಲೇ ಇಲ್ಲ. ಇರುವುದು ಅಭ್ಯಾಸ ಮತ್ತು ಕನ್ನಡಿ. ಗಾಜಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ನಮಗೆ ಇದರ ಬಿಸಿ ತಟ್ಟುವುದಿಲ್ಲ. ಅಂದಿನದು ಲೋಹದ ಕನ್ನಡಿ. ಉಜ್ಜದೆ ಬಿಟ್ಟರೆ ಕಿಲುಬು ಹಿಡಿಯುವಂಥದ್ದು. ನಿನ್ನೆ ಉಜ್ಜಿದ್ದೆ ಎಂದರೆ ಇವತ್ತಿಗೆ ನಡೆಯದು. ಓದಿಗೆ ಹೊರಡುವ ಮುನ್ನ ಪ್ರತಿಸಲವೂ ಉಜ್ಜಬೇಕು.

ಕಾದಂಬರಿಕಾರನಿಗೆ ಇನ್ನೊಂದು ತೊಡಕೂ ಇದೆ. ಅವನ ಕನ್ನಡಿಯ ಮೇಲೆ ಅವನದೇ ಉಸಿರಿನ ಮಂಜು. ಒಂದು ಉದಾಹರಣೆ ಹೇಳುತ್ತೇನೆ. ಹೊಸಬರೊಬ್ಬರ ಕಾದಂಬರಿಯಲ್ಲಿ ತಾಯಿ ಮಗನಿಗೆ ಊಟ ಬಡಿಸುವ ಸಂದರ್ಭ ಮೂರು ಸಲ ಬರುತ್ತದೆ. ಅದೇ ಅಡುಗೆಮನೆ, ಅದೇ ಮಣೆ, ಹೆಚ್ಚುಕಡಿಮೆ ಅದೇ ಮಾತು. ಮೂರನೆಯದರ ಪಕ್ಕದಲ್ಲಿ ಪೆನ್ಸಿಲಿನಿಂದ ‘ಪುನರಾವರ್ತನೆ’ ಎಂದು ಗೀಚಿ ಮುಂದೆ ಹೋದೆ. ನಾನಾಗಿದ್ದರೆ ಎರಡನ್ನು ಕಿತ್ತುಹಾಕುತ್ತಿದ್ದೆ. ವಿಮರ್ಶೆ ಬರೆಯಲು ಕುಳಿತಾಗ ಆ ಪುಟ ತೆರೆದು ನೋಡಿದರೆ, ಮೊದಲನೆಯ ಊಟದಲ್ಲಿ ಅವಳು ಕೇಳದೆಯೇ ತುಪ್ಪ ಹಾಕುತ್ತಾಳೆ. ಎರಡನೆಯದರಲ್ಲಿ ‘ತುಪ್ಪ ಹಾಕಲಾ?’ ಎಂದು ಕೇಳುತ್ತಾಳೆ. ಮೂರನೆಯದರಲ್ಲಿ ತುಪ್ಪದ ಸುದ್ದಿಯೇ ಇಲ್ಲ. ಮಗ ಮದುವೆಯಾಗಿ ಬೇರೆ ಮನೆ ಮಾಡಿ ಆರು ತಿಂಗಳಾಗಿತ್ತು. ತಾಯಿ ಮಗನ ನಡುವೆ ಬೆಳೆದ ದೂರವನ್ನು ಲೇಖಕ ಎಲ್ಲಿಯೂ ಬಾಯಿಬಿಟ್ಟು ಹೇಳಿರಲಿಲ್ಲ. ಪೆನ್ಸಿಲ್ ಹಿಡಿದ ನಾನು ಅಷ್ಟೂ ಹೊತ್ತು ಅವನ ಪುಸ್ತಕ ಓದುತ್ತಿರಲಿಲ್ಲ, ಮನಸ್ಸಿನಲ್ಲೇ ನನ್ನ ಪುಸ್ತಕ ಬರೆಯುತ್ತಿದ್ದೆ.

ಬರೆಯುವವನೇ ತೂಗಬಲ್ಲನೇ ಎಂಬ ಚರ್ಚೆ ಹಳೆಯದು. ‘ಕಾವ್ಯಮೀಮಾಂಸೆ’ ಎಂಬ ಗ್ರಂಥದಲ್ಲಿ ಸಂಸ್ಕೃತ ಕವಿ ರಾಜಶೇಖರ ಪ್ರತಿಭೆಯನ್ನು ಎರಡಾಗಿ ಮಾಡುತ್ತಾನೆ: ಕವಿಗೆ ನೆರವಾಗುವ ಕಾರಯಿತ್ರಿ, ಓದುಗನಿಗೆ ನೆರವಾಗುವ ಭಾವಯಿತ್ರಿ. ಎರಡೂ ಒಬ್ಬನಲ್ಲೇ ಕೂಡುವುದು ಅಪರೂಪ ಎನ್ನಲು ಒಂದು ಶ್ಲೋಕವನ್ನು ಮುಂದಿಡುತ್ತಾನೆ. ಒಂದು ಕಲ್ಲು ಚಿನ್ನವನ್ನು ಹೆರುತ್ತದೆ, ಅದನ್ನು ಪರೀಕ್ಷಿಸುವ ಕಲ್ಲು ಬೇರೆ. ಅಂದರೆ ಗಣಿಯ ಕಲ್ಲು ಒರೆಗಲ್ಲಾಗಲಾರದು. ಈ ಸಾಲು ಓದಿದಾಗಲೆಲ್ಲ ನನಗೆ ಸ್ವಲ್ಪ ಮುಜುಗರವಾಗುತ್ತದೆ.

ಅದೇ ಅಧ್ಯಾಯದಲ್ಲಿ ಅವನು ಹೇಳುವ ನಾಲ್ಕು ಬಗೆಯ ಭಾವಕರನ್ನು, ಅಂದರೆ ಕಾವ್ಯವನ್ನು ಓದಿ ತೂಗುವವರನ್ನು, ಮರೆಯುವುದು ಕಷ್ಟ. ಮೊದಲನೆಯವನು ಅರೋಚಕಿ. ಆಯುರ್ವೇದದಲ್ಲಿ ಅರೋಚಕ ಎಂದರೆ ಬಾಯಿಗೆ ಏನೂ ರುಚಿಸದ ರೋಗ. ಈತನಿಗೆ ಯಾವ ಪುಸ್ತಕವೂ ಹಿಡಿಸುವುದಿಲ್ಲ. ಎರಡನೆಯವನು ಸತೃಣಾಭ್ಯವಹಾರಿ, ಹುಲ್ಲುಸಮೇತ ಉಣ್ಣುವವನು. ಸಿಕ್ಕಿದ್ದನ್ನೆಲ್ಲ ಚಪ್ಪರಿಸುವ ನಮ್ಮ ಬೆನ್ನುಡಿಕಾರರು ನೆನಪಾದರೆ ತಪ್ಪು ನಿಮ್ಮದಲ್ಲ. ಆದರೂ ರಾಜಶೇಖರ ಇವನನ್ನು ಬೈಯುವುದಿಲ್ಲ, ಕುತೂಹಲದಿಂದ ಹೊಸದಾಗಿ ತೊಡಗಿದವರಿಗೆಲ್ಲ ಇದು ಸಹಜ ಎನ್ನುತ್ತಾನೆ. ಮೂರನೆಯವನು ಮತ್ಸರಿ. ಅವನಿಗೆ ಗುಣ ಕಾಣುವುದಿಲ್ಲವೆಂದಲ್ಲ. ಕಂಡರೂ ಬಾಯಿ ಬಿಡುವುದಿಲ್ಲ. ಕೊನೆಯವನು ತತ್ತ್ವಾಭಿನಿವೇಶಿ, ಕೃತಿಯ ತಿರುಳಿನಲ್ಲೇ ಮನಸ್ಸಿಟ್ಟವನು, ಸಾವಿರಕ್ಕೊಬ್ಬ ಸಿಕ್ಕರೆ ಸಿಕ್ಕ. ಇವನೇ ಅಭಿನವಗುಪ್ತನ ಸಹೃದಯನ ಹತ್ತಿರದ ನೆಂಟ.

ಇನ್ನು ಸಹೃದಯನ ಜೊತೆಗೇ ಬರುವ ‘ಹೃದಯಸಂವಾದ’ ಎಂಬ ಮಾತು. ಸಂವಾದ ಎಂದರೆ ಈಗ ನಮಗೆ ವೇದಿಕೆಯ ಮೇಲೆ ಮೈಕ್ ಹಿಡಿದು ನಡೆಸುವ ಮಾತುಕತೆ. ಆಲಂಕಾರಿಕರ ಮಾತಿನಲ್ಲಿ ಅದು ಹೊಂದಿಕೆ, ಕೃತಿಯ ಮಿಡಿತಕ್ಕೆ ಓದುಗನ ಎದೆಯ ಮಿಡಿತ ತಾಳೆಯಾಗುವುದು. ನಾಟ್ಯಶಾಸ್ತ್ರದ ಶ್ಲೋಕವೊಂದು ಇದಕ್ಕೆ ಕೊಡುವ ಹೋಲಿಕೆ ಒಣ ಕಟ್ಟಿಗೆಯದು. ಬೆಂಕಿ ಒಣ ಕಟ್ಟಿಗೆಯನ್ನು ವ್ಯಾಪಿಸುವಂತೆ ಭಾವ ಮೈಯನ್ನೆಲ್ಲ ವ್ಯಾಪಿಸುತ್ತದೆ. ಸೌದೆ ಒಲೆಯ ಮುಂದೆ ಕುಳಿತವರಿಗೆ ಗೊತ್ತು, ಹಸಿ ಸೌದೆಗೆ ಎಷ್ಟು ಊದಿದರೂ ಬರುವುದು ಹೊಗೆ. ಆ ಹೊಗೆಗೆ ಬೆಂಕಿಯನ್ನು ದೂರಿ ನಾನೂ ಕೆಲವು ವಿಮರ್ಶೆ ಬರೆದಿದ್ದೇನೆ.

ಹಾಗೆಂದು ಸಹೃದಯ ತೀರ್ಪು ಕೊಡದವನಲ್ಲ. ತನ್ಮಯನಾದವನಿಗೇ ಎಲ್ಲಿ ತನ್ಮಯತೆ ಕಡಿಯಿತು ಎಂಬುದು ಖಚಿತವಾಗಿ ತಿಳಿಯುತ್ತದೆ. ತುಪ್ಪದ ಕಾದಂಬರಿಯ ಕೊನೆಯ ಮೂವತ್ತು ಪುಟಗಳಲ್ಲಿ ಆ ತಾಯಿ ಇದ್ದಕ್ಕಿದ್ದಂತೆ ಭಾಷಣ ಮಾಡತೊಡಗುತ್ತಾಳೆ. ಅಷ್ಟು ಹೊತ್ತು ತುಪ್ಪದ ಬಟ್ಟಲೊಂದೇ ಹೇಳಿದ್ದನ್ನು ಲೇಖಕ ಅವಳ ಬಾಯಲ್ಲಿ ಹೇಳಿಸಿದ್ದರು. ‘ಪುನರಾವರ್ತನೆ’ಯನ್ನು ರಬ್ಬರಿನಿಂದ ಅಳಿಸಿದೆ, ಮೂರು ಊಟಗಳ ಬಗ್ಗೆ ಒಂದು ಪುಟ ಬರೆದೆ, ಭಾಷಣದ ಬಗ್ಗೆ ಇನ್ನೊಂದು ಪುಟ. ಎರಡು ವರ್ಷದ ನಂತರ ಅವರ ಮುಂದಿನ ಪುಸ್ತಕ ಬಂತು. ಜೊತೆಗಿದ್ದ ಪತ್ರದಲ್ಲಿ ‘ಸಹೃದಯರಾದ’ ಇರಲಿಲ್ಲ, ‘ಮಾನ್ಯರೇ’ ಎಂದಷ್ಟೇ ಇತ್ತು.