ಸೇನೆಗೆ ವಾರಂಟಿ ಏಕೆ ದುಬಾರಿ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ವಾರಂಟಿಯ ಲೆಕ್ಕ ನೇರ. ಎರಕದೊಳಗೆ ಗಾಳಿಗುಳ್ಳೆ ಕಂಡರೆ ಮಾಲು ವಾಪಸ್ಸು ಬರುತ್ತದೆ, ಮಾಲೀಕ ಸ್ವಂತ ಖರ್ಚಿನಲ್ಲಿ ಮತ್ತೆ ಎರಕ ಹೊಯ್ದು ಕೊಡುತ್ತಾನೆ. ಇದೇ ಊರಿನಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ನೆಲೆಯಿದೆ. ಸೇನೆ ಕೊಳ್ಳುವ ಸಾಮಗ್ರಿಗೂ ಫೌಂಡ್ರಿಯ ನಿಯಮವೇ ಸಾಲದೇ ಎಂದು ತೆರಿಗೆ ಕಟ್ಟುವವರಿಗೆ ಅನ್ನಿಸುವುದು ಸಹಜ.

1980ರ ದಶಕದಲ್ಲಿ ಅಮೆರಿಕದ ಸಂಸತ್ತಿಗೂ ಹಾಗೆಯೇ ಅನ್ನಿಸಿತ್ತು. ಉತ್ತರ ಡಕೋಟಾದ ಸೆನೆಟರ್, ಸ್ವತಃ ಕೃಷಿಕರಾಗಿದ್ದ ಮಾರ್ಕ್ ಆಂಡ್ರ್ಯೂಸ್ ಅವರ ಒತ್ತಾಸೆಯಿಂದ 1984ರ ರಕ್ಷಣಾ ಅನುದಾನ ಕಾಯ್ದೆಯಲ್ಲಿ ವಾರಂಟಿ ಕಡ್ಡಾಯವಾಯಿತು. 1985ರಿಂದ ಜಾರಿಗೆ ಬಂದ ಕಾನೂನಿನಂತೆ, ತಲಾ 1 ಲಕ್ಷ ಡಾಲರ್ ಇಲ್ಲವೇ ಒಟ್ಟು 1 ಕೋಟಿ ಡಾಲರ್ ಮೀರುವ ಶಸ್ತ್ರಗಳಿಗೆ ತಯಾರಕರೇ ಹೊಣೆ.

ಕೇಳಲು ಚೆಂದ. ಆದರೆ ಕಂಪನಿಗಳು ಆ ಹೊಣೆಯ ದರವನ್ನು ಬೆಲೆಯೊಳಗೇ ಸೇರಿಸಿದವು. ಕೆಟ್ಟ ಯಂತ್ರವನ್ನು ಸೈನಿಕ ಕಾರ್ಖಾನೆಗೆ ಕಳಿಸಿ ಕಾಯುತ್ತಾ ಕೂರುವುದಿಲ್ಲ, ಅಲ್ಲೇ ಬಿಚ್ಚಿ ಸರಿಪಡಿಸುತ್ತಾನೆ. ಆಮೇಲೆ ದೋಷ ತಯಾರಿಕೆಯದೋ ಬಳಕೆಯದೋ ಎಂದು ಸಾಬೀತು ಮಾಡುವವರು ಯಾರು? ಉಗ್ರಾಣದಲ್ಲಿ ಪೆಟ್ಟಿಗೆ ತೆರೆಯದೆ ಬಿದ್ದಿರುವಾಗಲೂ ಅವಧಿ ಓಡುತ್ತಿರುತ್ತದೆ. ಇಷ್ಟಕ್ಕೂ, ಸಾವಿರಾರು ಯಂತ್ರ ಕೊಳ್ಳುವ ಸರ್ಕಾರ ನಷ್ಟವನ್ನು ತಾನೇ ಹಂಚಿಕೊಂಡು ಭರಿಸಬಲ್ಲದು. ಅದಕ್ಕೆ ಇನ್ನೊಬ್ಬರ ವಿಮೆ ಬೇಕಿಲ್ಲ. ಕಟ್ಟಿದ ಹಣಕ್ಕೆ ತಕ್ಕ ಲಾಭ ಮರಳುತ್ತಿಲ್ಲವೆಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು 1996ರಲ್ಲಿ ವರದಿ ಕೊಟ್ಟು, ಕಾನೂನನ್ನು ರದ್ದುಪಡಿಸಲು ಹೇಳಿದರು. 1997ರ ನವೆಂಬರಿನಲ್ಲಿ ಅದು ರದ್ದಾಯಿತು.

ನಮ್ಮಲ್ಲಿ ವಾರಂಟಿ ಬ್ಯಾಂಕ್ ಗ್ಯಾರಂಟಿಯ, ಅಂದರೆ ಮಾರುವವ ತಪ್ಪಿದರೆ ಹಣ ತಾನು ಕೊಡುತ್ತೇನೆಂಬ ಬ್ಯಾಂಕಿನ ಭರವಸೆಯ, ಬೆನ್ನೇರಿ ನಡೆಯುತ್ತದೆ. 2017ರ ಸಾಮಾನ್ಯ ಹಣಕಾಸು ನಿಯಮಗಳು ಗುತ್ತಿಗೆ ಮೌಲ್ಯದ ಶೇ 5ರಿಂದ 10ರಷ್ಟು ಹಣದ ಭದ್ರತೆ ಕೇಳಿದವು. ವಾರಂಟಿ ಸೇರಿದಂತೆ ಎಲ್ಲ ಹೊಣೆ ಮುಗಿದ ಮೇಲೂ 60 ದಿನ ಅದು ಊರ್ಜಿತವಿರಬೇಕು. ದೊಡ್ಡ ಕಂಪನಿಗೆ ಇದು ಕಡತದ ಒಂದು ಹಾಳೆ. ಉಪಗುತ್ತಿಗೆ ಹಿಡಿದ ಸಣ್ಣ ಕಾರ್ಖಾನೆಯ ಮೇಲೂ ಇಂಥದೇ ಷರತ್ತು ಬಿದ್ದರೆ, ಮುಂದಿನ ಆರ್ಡರಿಗೆ ಕಚ್ಚಾಮಾಲು ತರಬೇಕಾದ ದುಡ್ಡು ಬ್ಯಾಂಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಭಾರವನ್ನು ಇಳಿಸದೆ ಸ್ವದೇಶಿ ತಯಾರಿಕೆಯ ಮಾತು ನನಗೆ ಅರ್ಧಂಬರ್ಧ ಎನಿಸುತ್ತದೆ.

ಬೇರೆ ದಾರಿಯೊಂದು 2016ರ ರಫೇಲ್ ಒಪ್ಪಂದದಲ್ಲಿ ಕಾಣಿಸಿತು. 36 ವಿಮಾನಗಳ ಜೊತೆಗೆ, ಅವುಗಳಲ್ಲಿ ಕನಿಷ್ಠ ಶೇ 75ರಷ್ಟು ಐದು ವರ್ಷ ಹಾರಾಟಕ್ಕೆ ಸಿದ್ಧವಿರಬೇಕೆಂಬ ಷರತ್ತನ್ನೂ ಭಾರತ ಹಣ ಕೊಟ್ಟು ಪಡೆಯಿತು. ಕೆಟ್ಟ ಭಾಗ ಯಾರ ತಪ್ಪೆಂಬ ಜಗಳಕ್ಕಿಂತ ಇದು ಎಷ್ಟೋ ವಾಸಿ. ಜಗಳ ಪೂರ್ತಿ ತಪ್ಪುವುದಿಲ್ಲ, ನಿಜ: ನಿಂತ ವಿಮಾನ ಬಿಡಿಭಾಗವಿಲ್ಲದೆ ನಿಂತಿತೋ, ನೆಲೆಯ ಸಿಬ್ಬಂದಿಯ ಕೊರತೆಯಿಂದಲೋ ಎಂದು ಇಲ್ಲಿಯೂ ದಿನದಿನದ ಲೆಕ್ಕ ಇಡಲೇಬೇಕು.